ಗಾರ್ನೆಟ್ ಪೊರೆಯ ಒಳಮೈ

ಅತ್ತೆ, ನಮಸ್ಕಾರ. ಈ ಊರಿನಲ್ಲಿ ಬಸ್ಸಿನ ಬಾಗಿಲು ಯಾವ ಕಡೆ ಎಂದೇ ನನಗಿನ್ನೂ ರೂಢಿಯಾಗಿಲ್ಲ, ಅಷ್ಟರಲ್ಲೇ ಲ್ಯಾಬಿನಲ್ಲಿ ರಾದ್ಧಾಂತ.

ಇಲ್ಲಿ ಗಾಜಿನಂಥ ಹರಳಿನ ಚೂರಿನ ಒಂದು ಮೈಗೆ ಮಾತ್ರ ಗಾರ್ನೆಟ್ ಎಂಬ ಖನಿಜದ ಪೊರೆ ಕೂರಿಸುತ್ತೇವೆ. ಅದಕ್ಕೆ ಅಯಸ್ಕಾಂತದ ಗುಣವಿದೆ. ಅಷ್ಟಾಗಿ ಬಿಸಿಯಾಗದ ಚಿಪ್ ಮಾಡಲು ಬೇಕು. ಪೊರೆ ಎಷ್ಟು ತೆಳುವೆಂದರೆ ಯಾವ ಮೈಯಲ್ಲಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಅದಕ್ಕೇ ಮೂಲೆಯಲ್ಲೊಂದು ಗೀರು ಹಾಕುವುದು. ನೀವು ಬಟ್ಟೆಯ ಒಳಮೈಗೆ ಸೀಮೆಸುಣ್ಣ ಎಳೆಯುವುದನ್ನು ನೋಡಿ ಬೆಳೆದವಳು ನಾನು. ಪೊರೆಯಿಲ್ಲದ ಮೈಗೆ ಗೀರು ಹಾಕಿದೆ. ನಮ್ಮ ಸೀನಿಯರ್ ಸಾಹೇಬರು ಪೊರೆಯಿರುವ ಮೈಗೆ ಹಾಕುವವರಂತೆ. ನನಗೆ ಯಾರು ಹೇಳಿದ್ದರು? ನನ್ನ ಗೀರು ನೋಡಿ, ಅಳೆಯಲೆಂದು ಪೊರೆಯ ಮೇಲೆ ಬಳಿಯಬೇಕಾದ ಪ್ಲಾಟಿನಂ ಅನ್ನು ಬರಿಮೈಗೇ ಬಳಿದು, ವಾರವಿಡೀ ಅಳೆದು, ಏನೂ ಸಿಗದೆ, "ಇವಳ ಪೊರೇಲಿ ಜೀವಾನೇ ಇಲ್ಲ" ಎಂದು ಮಹಡಿ ಮಹಡಿಗೂ ಡಂಗುರ ಸಾರಿ ಬಂದರು.

ನಾನು ಪ್ರೊಫೆಸರ ಮುಂದೆ ಚೂರನ್ನು ಮಗುಚಿ ತೋರಿಸಿ, ಎಲ್ಲರಿಗೂ ಒಂದೇ ರೂಢಿ ಮಾಡಿ ಎಂದು ಗೋಗರೆದೆ. ಅವರು ಕನ್ನಡಕ ಒರೆಸುತ್ತ, "ಅಷ್ಟಕ್ಕೆ ಜಗಳ ಯಾಕಮ್ಮ? ಅವರ ಗುರುತು ಅವರು ಹಾಕ್ಲಿ, ನಿಂದು ನೀನು ಹಾಕು" ಎಂದರು. ದೊಡ್ಡ ತೀರ್ಪು.

ನೆಗಡಿ ಬಿಟ್ಟಿದೆ, ಕಣ್ಣುರಿ ಬಿಟ್ಟಿಲ್ಲ. ನೀವು ಹೊಲಿದ ಕೋಟು ಬೆಚ್ಚಗಿದೆ, ಅಪ್ಪನಿಗೂ ಹೇಳಿ.

ಇವತ್ತಿನ ಚೂರು ಈಗಷ್ಟೇ ನನ್ನ ಮೇಜಿಗೆ ಬಂತು. ಎರಡೂ ಮೈ ಮೇಲೆ ಒಂದೊಂದು ಗೀರು ಇದೆ.

ಅವಸರದಲ್ಲಿ,
ನಿಮ್ಮ ಅಣ್ಣನ ಮಗಳು