ಮಾರುಕಟ್ಟೆ ಚೌಕದ ಶೌಚಾಲಯವೂ ನಮ್ಮ ವೈನಿ ಕುಡಿಯದ ನೀರೂ

ಕೌನ್ಸಿಲಿನ ಪಟ್ಟಣ ಪುನರುಜ್ಜೀವನ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಮಾರುಕಟ್ಟೆ ಚೌಕದ ಸಾರ್ವಜನಿಕ ಶೌಚಾಲಯವನ್ನು ಮುಚ್ಚಿಸಿ ಅದೇ ಜಾಗದಲ್ಲಿ ವೈನ್ ಬಾರ್ ತೆರೆಸಿದ ಮಹನೀಯರು ನೀವೇ ಎಂದು ತಿಳಿದು ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಕ್ಷೇಮ ಸಮಾಚಾರ ಕೇಳುವುದಿಲ್ಲ. ನೀವು ಕ್ಷೇಮವಾಗಿಯೇ ಇರುತ್ತೀರಿ, ಏಕೆಂದರೆ ನಿಮ್ಮ ಕಚೇರಿಯ ಪ್ರತಿ ಮಹಡಿಯಲ್ಲೂ ಶೌಚಾಲಯವಿದೆ. ದೂರು ಕೊಡಲು ಬಂದಾಗ ನಾನೂ ಅದನ್ನು ಬಳಸಿದ್ದೇನೆ. ಬಹಳ ಚೊಕ್ಕಟವಾಗಿದೆ, ಕೈ ಒರೆಸುವ ಕಾಗದವೂ ಇತ್ತು.

ಈ ಪತ್ರ ಕನ್ನಡದಲ್ಲೇಕೆ ಎಂದು ನೀವು ಕೇಳಬಹುದು. ಇಂಗ್ಲಿಷಿನಲ್ಲಿ ಆಗಲೇ ಬರೆದು ನೋಡಿದೆ. 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂಬ ಉತ್ತರ ಬಂತು, ಮತ್ತೆ ಬರೆದಾಗ ಅದೇ ಉತ್ತರ ಅದೇ ಅಕ್ಷರಗಳಲ್ಲಿ ಮತ್ತೆ ಬಂತು. ನಿಮ್ಮ ಭಾಷೆಯಲ್ಲಿ ಹೇಳಿದ್ದೇ ನಿಮಗೆ ತಿಳಿಯಲಿಲ್ಲ ಎಂದಮೇಲೆ ನನ್ನ ಭಾಷೆಯಲ್ಲಿ ಹೇಳುವುದರಿಂದ ನಷ್ಟವೇನು? ಯಾವ ಭಾಷೆಯಲ್ಲಿ ಬೇಕಾದರೂ ಅನುವಾದ ಒದಗಿಸುತ್ತೇವೆ ಎಂದು ನಿಮ್ಮ ಪ್ರತಿ ಕರಪತ್ರದ ಹಿಂಬದಿಯಲ್ಲಿ ಅಚ್ಚು ಹಾಕಿಸಿದ್ದೀರಿ. ಈ ಸಲ ಆ ಕಷ್ಟ ನೀವೇ ಪಡಿ. ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಇದು ಅಚ್ಚಾದರೆ ಓದಬೇಕಾದ ಹೆಂಗಸರಾದರೂ ಓದುತ್ತಾರೆ. ಬರೆಯಲು ಕುಳಿತಾಗ ನನ್ನ ಯಜಮಾನರು ರಾಮಪ್ರಸಾದರು ಹಿಂದೆ ಬಂದು ನಿಂತು ಇಣುಕಿದರು. ಮೈಸೂರಿನವರು, ಬಲು ನಾಜೂಕು. "ವೇದಾ, ಇಂಥದ್ದನ್ನೆಲ್ಲ ಪತ್ರಿಕೇಲಿ ಬರೀತಾರೇನೇ? ಜನ ಏನಂದ್ಕೋತಾರೆ?" ಎಂದರು. ಇಂಥದ್ದನ್ನೆಲ್ಲ ಯಾರೂ ಬರೆಯಲಿಲ್ಲ, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಅದಕ್ಕೇ ಒಬ್ಬರು ಆಸ್ಪತ್ರೆ ಸೇರಿದ್ದು ಎಂದೆ. ಅವರು ಚಹಾ ಮಾಡಲು ಒಳಗೆ ಹೋದರು.

ಆಸ್ಪತ್ರೆ ಸೇರಿದವರು ನನ್ನ ಅಣ್ಣನ ಹೆಂಡತಿ ಕೃಷ್ಣವೇಣಿ. ನಮ್ಮ ಧಾರವಾಡದ ಕಡೆ ಅತ್ತಿಗೆಯನ್ನು ವೈನಿ ಎನ್ನುತ್ತೇವೆ. ನಮ್ಮಣ್ಣ ಇಲ್ಲಿನ ಆಸ್ಪತ್ರೆಗೆ ಡಾಕ್ಟರಾಗಿ ಬಂದಾಗ ಮದುವೆಯಾದ ಹೊಸತರಲ್ಲಿ ವೈನಿಯೂ ಬಂದರು, ಅವರ ಹಿಂದೆ ನಾನೂ ಡಾಕ್ಟರಾಗಿ ಬಂದು ಇದೇ ಊರಿನಲ್ಲಿ ನೆಲೆಸಿದೆ. ನಮ್ಮ ಕಾಲದ ಧಾರವಾಡದ ಹುಡುಗಿಯರಿಗೆ ಒಂದು ಪಾಠ ಅಕ್ಷರಾಭ್ಯಾಸಕ್ಕೂ ಮೊದಲೇ ಆಗುತ್ತಿತ್ತು. ಬಸ್ ಹತ್ತುವ ದಿನ ನೀರು ಕುಡಿಯಬಾರದು. ಮದುವೆಗೆ ಹೊರಟರೂ ಸರಿ, ಪರೀಕ್ಷೆಗೆ ಹೊರಟರೂ ಸರಿ, ಮುಂಜಾನೆಯಿಂದಲೇ ಗಂಟಲು ಒಣಗಿಸಿಕೊಂಡು ಕೂರಬೇಕು. ಗಂಡಸರು ದಾರಿಯಲ್ಲಿ ಬಸ್ಸು ನಿಲ್ಲಿಸಿ ಇಳಿದು ಹೋಗಿ ಬರುತ್ತಿದ್ದರು, ನಾವು ಸೀಟಿನಲ್ಲಿ ಕಾಲು ಬಿಗಿಹಿಡಿದು ಕಿಟಕಿಯಾಚೆ ನೋಡುತ್ತಿದ್ದೆವು. ಇದನ್ನು ಯಾರೂ ಕಷ್ಟ ಎಂದು ಕರೆಯಲಿಲ್ಲ, ಹೆಣ್ಣುಮಕ್ಕಳ ಶಿಸ್ತು ಎಂದರು.

ಅಂಥ ಶಿಸ್ತಿನ ವೈನಿ ಲಂಡನ್ನಿಗೆ ಬಂದ ಮೊದಲ ವಾರ ನಮ್ಮಣ್ಣ ಅವರಿಗೆ ನಿಮ್ಮ ಐತಿಹಾಸಿಕ ಪಟ್ಟಣ ತೋರಿಸಲು ಕರೆದುಕೊಂಡು ಹೋದ. ಇಗರ್ಜಿ, ಗಡಿಯಾರದ ಗೋಪುರ, ಕುದುರೆಗಾಡಿಗಳು ತಂಗುತ್ತಿದ್ದ ಹಳೆಯ ಛತ್ರ, ನದಿಯ ಮೆಟ್ಟಿಲು, ಎಲ್ಲ ತೋರಿಸಿದ. ಚೌಕಕ್ಕೆ ಬರುವಷ್ಟರಲ್ಲಿ ವೈನಿಯ ಮುಖ ಸಣ್ಣದಾಗಿತ್ತು. ಅಣ್ಣ ಕಬ್ಬಿಣದ ಕಟಾಂಜನದ ಪಕ್ಕದ ಮೆಟ್ಟಿಲು ತೋರಿಸಿ "ಅಲ್ಲಿ ಇಳದು ಹೋಗು" ಎಂದ. ಕೆಳಗೆ ಬಿಳಿ ಹೆಂಚಿನ ಗೋಡೆ, ನಲ್ಲಿ ತಿರುಗಿಸಿದರೆ ಬಿಸಿನೀರು, ಬಾಗಿಲಿಗೆ ಗಟ್ಟಿ ಚಿಲಕ, ನೆಲ ಒರೆಸುತ್ತಿದ್ದ ಹೆಂಗಸು ನಕ್ಕು ಮಾತಾಡಿಸಿದಳಂತೆ. ಊರಿಗೆ ಫೋನ್ ಮಾಡಿದಾಗ ವೈನಿ ಅರಮನೆಯ ಸುದ್ದಿ ಹೇಳಲಿಲ್ಲ. "ಇಲ್ಲೆ ಹೆಣ್ಣುಮಕ್ಕಳು ನೀರು ಕುಡದು ಹೊರಗ ಬೀಳಬಹುದು ನೋಡ್ರಿ" ಎಂದರು. ನಿಮ್ಮ ದೇಶವನ್ನು ಇದಕ್ಕಿಂತ ಚೆನ್ನಾಗಿ ಹೊಗಳಿದವರನ್ನು ನಾನು ಕಂಡಿಲ್ಲ.

ಆ ಮೆಟ್ಟಿಲಿನ ಬಾಯಿಗೆ ನೀವು ಹೋದ ವರ್ಷ ಹಲಗೆ ಹೊಡೆಸಿದಿರಿ. ದುರಸ್ತಿ ಎಂದಿರಿ. ಆಮೇಲೆ ನಿರ್ವಹಣೆ ದುಬಾರಿ ಎಂದಿರಿ. ಆಮೇಲೆ 'ಜೀವಂತ ಪರಂಪರೆ' ಎಂದಿರಿ. ಒಂದು ದಿನ ಹಲಗೆ ತೆಗೆದಾಗ ಒಳಗೆ ಹಿತ್ತಾಳೆಯ ದೀಪ, ಚರ್ಮದ ಕುರ್ಚಿ, ಬಿಳಿ ಹೆಂಚಿನ ಗೋಡೆಯ ಮೇಲೆ ವೈನಿನ ಬೆಲೆಪಟ್ಟಿ. ಹಳೆಯ ನೀರಿನ ತೊಟ್ಟಿಗಳನ್ನು ಅಲಂಕಾರಕ್ಕೆಂದು ಹಾಗೆಯೇ ಉಳಿಸಿದ್ದಾರೆ. ಸ್ಥಳೀಯ ಪತ್ರಿಕೆಯ ಮುಖಪುಟದಲ್ಲಿ ನೀವು ರಿಬ್ಬನ್ ಕತ್ತರಿಸುವ ಫೋಟೋ ಬಂದಿತ್ತು, ಕೈಯಲ್ಲಿ ಗ್ಲಾಸೂ ಇತ್ತು. ಇಷ್ಟು ಸಾಲದೆಂದು ಕಟಾಂಜನದ ಮೇಲೆ ಒಂದು ಫಲಕ ಬೇರೆ: 'ಪಟ್ಟಣದ ಮೊದಲ ಸಾರ್ವಜನಿಕ ಶೌಚಾಲಯ ಇಲ್ಲಿತ್ತು.' ಸತ್ತವರಿಗೆ ಫಲಕ ಹಾಕುವುದು ನಾಗರಿಕರ ಪದ್ಧತಿ, ಒಪ್ಪುತ್ತೇನೆ. ಆದರೆ ಕೊಂದವರೇ ಫಲಕ ಹಾಕಿ ಚಪ್ಪಾಳೆ ಗಿಟ್ಟಿಸಿಕೊಳ್ಳುವುದನ್ನು ಇಲ್ಲೇ ಮೊದಲು ಕಂಡೆ.

ಅದೇ ಪತ್ರಿಕೆಯ ಒಳಪುಟದಲ್ಲಿ ಇನ್ನೊಂದು ಸುದ್ದಿ ಇತ್ತು, ನೀವು ಓದಿರಲಾರಿರಿ, ನಿಮ್ಮ ಫೋಟೋ ಅಲ್ಲಿರಲಿಲ್ಲ. ಇಗರ್ಜಿಯ ಹಿಂದಿನ ಓಣಿಯಲ್ಲಿ ಗೋಡೆಗೆ ಮೂತ್ರ ಮಾಡುವವರು ಹೆಚ್ಚಾಗಿದ್ದಾರೆ, ಹಳೆಯ ಕಲ್ಲು ಹಾಳಾಗುತ್ತಿದೆ, ಆದ್ದರಿಂದ ಕೌನ್ಸಿಲ್ ದಂಡ ಹಾಕಲಿದೆ ಎಂದು. ಅಬ್ಬಾ, ಎಂಥ ದೂರದೃಷ್ಟಿ! ಜನರಿಗೆ ಹೋಗಲು ಜಾಗವಿಲ್ಲದಂತೆ ಮಾಡುವುದು, ಹೋದರೆ ದಂಡ ಹಾಕುವುದು. ಅಂತೂ ಗಂಡಸರ ಸಮಸ್ಯೆಯನ್ನು ಗೋಡೆ ಬಗೆಹರಿಸಿದೆ. ಹೆಂಗಸರ ಸಮಸ್ಯೆ ಪತ್ರಿಕೆಗೆ ಬರಲಿಲ್ಲ, ಏಕೆಂದರೆ ಅದರ ಗುರುತು ಯಾವ ಗೋಡೆಯ ಮೇಲೂ ಉಳಿಯುವುದಿಲ್ಲ. ಅದು ಮೈಯೊಳಗೇ ಇರುತ್ತದೆ. ಚೌಕದ ತುಂಬ ಹೂಬುಟ್ಟಿ ನೇತುಹಾಕಿಸಿದ್ದೀರಲ್ಲ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮಲ್ಲಿ ಇದಕ್ಕೇ ಹೇಳುವುದು. ಆ ಹೂವಿಗೆ ದಿನಾ ಬೆಳಿಗ್ಗೆ ನಿಮ್ಮ ಗಾಡಿ ಬಂದು ನೀರು ಹಾಕುತ್ತದೆ.

ನೀವು ಹೇಳುವ ಸಮಾಧಾನ ನನಗೆ ಗೊತ್ತಿದೆ. ಅಂಗಡಿ, ಪಬ್ಬುಗಳ ಬಾಗಿಲಿಗೆ ಹಸಿರು ಚೀಟಿ ಅಂಟಿಸಿದ್ದೇವೆ, ಯಾರು ಬೇಕಾದರೂ ಒಳಗೆ ಹೋಗಿ ಅವರ ಶೌಚಾಲಯ ಬಳಸಬಹುದು ಎನ್ನುತ್ತೀರಿ. ಆಯಿತು, ನಾನೇ ಪರೀಕ್ಷಿಸಿ ನೋಡಿದೆ. ಮೊದಲ ಕೆಫೆಯ ಹುಡುಗಿ "ಗಿರಾಕಿಗಳಿಗೆ ಮಾತ್ರ" ಎಂದಳು. ಚೀಟಿ ತೋರಿಸಿದೆ, ಅದು ಹಳೇ ಮಾಲೀಕರ ಕಾಲದ್ದು ಎಂದಳು. ಪಬ್ಬು ಮಧ್ಯಾಹ್ನದವರೆಗೆ ತೆರೆಯುವುದಿಲ್ಲ. ಇನ್ನೊಂದು ಕಡೆ ಶೌಚಾಲಯ ಮಹಡಿಯ ಮೇಲಿದೆ, ಮೆಟ್ಟಿಲು ಏಣಿಯ ಹಾಗೆ. ನಾನು ಗಟ್ಟಿ ಬಾಯಿಯವಳು, ಜಗಳವಾಡಿಯಾದರೂ ನುಗ್ಗಿಯೇನು. ವೈನಿಗೆ ಅದು ಆಗದು. ಎಷ್ಟೋ ಸಲ ಹೇಳಿದೆ, ಕೆಫೆಯೊಳಗೆ ಹೋಗಿಬಿಡಿ ಎಂದು. "ಏನೂ ತೊಗೊಳ್ಳಾರದ ಹ್ಯಾಂಗ ಒಳಗ ಹೋಗೋದು? ಅದಕ್ಕಂತ ಚಹಾ ತೊಗೊಂಡ್ರ ಮತ್ತ ಅದ ಕಥಿ" ಎನ್ನುತ್ತಾರೆ. ಪಬ್ಬಿನ ಮಾತೆತ್ತಿದರೆ ಕಣ್ಣು ದೊಡ್ಡದು ಮಾಡುತ್ತಾರೆ. "ಪಬ್ಬಿನಾಗ ಹೋಗ್ಲಾ? ಯಾರರೆ ನೋಡಿದ್ರ?" ಈ ಊರಿನಲ್ಲಿ ನೋಡುವವರು ಯಾರಿದ್ದಾರೆ ವೈನಿ ಎಂದರೆ, "ನಮ್ಮ ಮಂದಿ ಎಲ್ಲಾ ಕಡೆ ಇರ್ತಾರ" ಎಂಬ ಉತ್ತರ. ನಗು ಬರುತ್ತದೆಯೇ? ನನಗೂ ಬರುತ್ತಿತ್ತು, ಜೂನ್ ತಿಂಗಳವರೆಗೆ.

ವೈನಿ ಪ್ರತಿ ಶನಿವಾರ ಚೌಕದ ಗ್ರಂಥಾಲಯದಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಅಣ್ಣ ತೀರಿಕೊಂಡ ಮೇಲೆ ಅವರು ಹಿಡಿದುಕೊಂಡ ಕೆಲಸ ಅದೊಂದೇ. ಹೌನ್ಸ್ಲೋದಿಂದ ಬಸ್ಸಿನಲ್ಲಿ, ಸ್ಟ್ಯಾನ್ಮೋರಿನಿಂದ ಕಾರಿನಲ್ಲಿ ತಂದೆತಾಯಿಯರು ಮಕ್ಕಳನ್ನು ಕರೆತರುತ್ತಾರೆ. ವೈನಿ ಕನ್ನಡದಲ್ಲಿ ಕೇಳುತ್ತಾರೆ, ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ, ವೈನಿ ಬಿಡದೆ ಮತ್ತೆ ಕನ್ನಡದಲ್ಲೇ ಕೇಳುತ್ತಾರೆ. ಆ ಗ್ರಂಥಾಲಯದ ಶೌಚಾಲಯಕ್ಕೆ ಚಳಿಗಾಲದಿಂದ ಹಳದಿ ಪಟ್ಟಿ ಕಟ್ಟಿ ಮುಚ್ಚಿದ್ದಾರೆ, ಅದೂ ನಿಮ್ಮದೇ ಕಟ್ಟಡ ತಾನೇ? ಜೂನಿನಲ್ಲಿ ಬಿಸಿಲು ಹೇಗಿತ್ತೆಂದು ನಿಮಗೆ ನೆನಪಿರಬಹುದು. ಆ ಶನಿವಾರ ನನಗೆ ಫೋನ್ ಬಂತು. ತರಗತಿಗೆ ಬರುವ ಸ್ಮೃತಿಯ ತಾಯಿ ಮಾಳವಿಕಾ, ಬೆಂಗಳೂರಿನ ಐಟಿ ಹುಡುಗಿ, ಗಾಬರಿಯಲ್ಲಿ ಮಾತಾಡುತ್ತಿದ್ದಳು. "ಆಂಟಿ, ಬೇಗ ಬನ್ನಿ. ಕೃಷ್ಣವೇಣಿ ಆಂಟಿ ಬಿದ್ಬಿಟ್ರು. ಆಂಬುಲೆನ್ಸ್‌ಗೆ ಹೇಳಿದೀನಿ. ಏನೇನೋ ಮಾತಾಡ್ತಿದಾರೆ, ನನ್ನನ್ನ ಗುರುತು ಹಿಡೀತಿಲ್ಲ."

ಆಸ್ಪತ್ರೆಯಲ್ಲಿ ಸಲೈನ್ ಏರಿದ ಮೇಲೆ ವೈನಿ ಕಣ್ಣು ಬಿಟ್ಟರು. ತುಟಿ ಸಿಪ್ಪೆ ಎದ್ದಿತ್ತು. ಮೂತ್ರದ ಸೋಂಕು ರಕ್ತಕ್ಕೆ ಏರಿದೆ, ಮೈಯಲ್ಲಿ ನೀರೇ ಇಲ್ಲ, ಮೂತ್ರಪಿಂಡ ಸೋತಿದೆ ಎಂದು ವಾರ್ಡಿನ ಡಾಕ್ಟರ್ ಹೇಳಿದರು. ನಾನು ಕೇಳಿದೆ: "ವೈನಿ, ಮುಂಜಾನಿಂದ ಎಷ್ಟು ನೀರು ಕುಡದಿದ್ರಿ?"

"ಎಲ್ಲೀ ನೀರು? ಶನಿವಾರ ಅಲ್ಲೇನು? ಹೊರಗ ಹೋಗೋದಿತ್ತು."

"ಉಳದ ದಿವಸ?"

"ಹೊರಗ ಹೋಗೋ ದಿವಸ ಅಷ್ಟ ಬಿಡ್ತೀನಿ. ಅದಕ್ಯಾಕ ಅಷ್ಟು ಸಿಟ್ಟು ಮಾಡ್ತಿ, ರೂಢಿ ಅದ ನನಗ."

ಹೊರಗೆ ಹೋಗುವ ದಿನ ಎಂದರೆ ಸಂತೆಯ ದಿನ, ತರಗತಿಯ ದಿನ, ಯೋಗದ ದಿನ, ಸ್ಟ್ರಾಟ್‌ಫರ್ಡಿನಲ್ಲಿರುವ ಮಗಳ ಮನೆಗೆ ಹೋಗುವ ದಿನ. ಎಷ್ಟು ದಿನ ಉಳಿಯಿತು ನೀವೇ ಹೇಳಿ. ಧಾರವಾಡದ ಬಸ್ ನಿಲ್ದಾಣದಲ್ಲಿ ಕಲಿತು ನಿಮ್ಮ ಬಿಳಿ ಹೆಂಚಿನ ಮೆಟ್ಟಿಲಲ್ಲಿ ಮರೆತಿದ್ದ ರೂಢಿಯನ್ನು ವೈನಿಗೆ ಮತ್ತೆ ಕಲಿಸಿದವರು ನೀವು. ಮಕ್ಕಳ ತಾಯಂದಿರ ವಾಟ್ಸ್ಆಪ್ ಗುಂಪಿನಲ್ಲಿ ವಿಷಯ ಹಾಕಿದೆ. ವೈನಿಯನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಮೊದಲು ಮಾಳವಿಕಾ ಬರೆದಳು, "ನಾನೂ ಶನಿವಾರ ಕಾಫಿ ಕುಡಿಯಲ್ಲ ಆಂಟಿ." ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಲ್ಯಾಪ್‌ಟಾಪ್ ಹಿಡಿದು ಇಡೀ ಕಂಪನಿ ನಡೆಸುವ ಹೆಣ್ಣುಮಕ್ಕಳು, ಈ ಊರಿಗೆ ಬರುವ ಮುನ್ನ ನೀರಿನ ಬಾಟಲಿಯನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ಒಬ್ಬರಿಗೊಬ್ಬರು ಈವರೆಗೆ ಹೇಳಿಕೊಂಡಿರಲಿಲ್ಲ. ನನಗೆ ಬಂದ ಸಿಟ್ಟಿಗೆ ಅಳುವೇ ಬಂತು.

ಹೌದು, ನನಗೆ ಗೊತ್ತು, ನೀವು ಅಭಿಪ್ರಾಯ ಸಂಗ್ರಹಿಸಿದ್ದಿರಿ. ಫೋನಿನಲ್ಲಿ ಕ್ಯೂಆರ್ ಎಂಬ ಚೌಕಾಕಾರದ ಚಿತ್ರ ಹಿಡಿದು ಉತ್ತರಿಸುವ ಸಮೀಕ್ಷೆ. ಅದರಲ್ಲಿ 'ಚೌಕದ ಸಂಜೆಯ ವಾತಾವರಣ ಹೇಗಿರಬೇಕು' ಎಂದು ಕೇಳಿದ್ದಿರಿ, 'ನಿಮಗೆ ಶೌಚಾಲಯ ಬೇಡವೇ' ಎಂದು ಕೇಳಲಿಲ್ಲ. ಕೇಳಿದ್ದರೂ ವೈನಿ ಉತ್ತರಿಸುತ್ತಿರಲಿಲ್ಲ ಎಂಬುದು ಬೇರೆ ಮಾತು. ಬಾಯಿ ಬಿಟ್ಟು ಹೇಳಲು ನಾಚುವವರ ಅಗತ್ಯವನ್ನು ಕೇಳದೆಯೇ ತಿಳಿದುಕೊಳ್ಳಲೆಂದೇ ಅಲ್ಲವೇ ಒಂದು ಕೌನ್ಸಿಲ್ ಇರುವುದು? ಆ ಮೆಟ್ಟಿಲು ಕಟ್ಟಿಸಿದ ನಿಮ್ಮ ಹಿಂದಿನವರು ಯಾವ ಸಮೀಕ್ಷೆಯನ್ನೂ ಮಾಡಿರಲಾರರು. ಮನುಷ್ಯರು ಸಂತೆಗೆ ಬರುತ್ತಾರೆ, ಬಂದವರಿಗೆ ಮೈ ಇರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ನೀವು ಕಾಪಾಡಬೇಕಾದ ಪರಂಪರೆ ಅದು. ಹೆಂಚನ್ನು ಉಳಿಸಿಕೊಂಡು ಬುದ್ಧಿಯನ್ನು ಕಿತ್ತು ಹಾಕಿದ್ದೀರಿ.

ವೈನಿ ಈಗ ಮನೆಗೆ ಬಂದಿದ್ದಾರೆ. ದಿನವಿಡೀ ನೀರು ಕುಡಿಯುತ್ತಲೇ ಇರಬೇಕು, ಇನ್ನೊಮ್ಮೆ ಹೀಗಾದರೆ ಮೂತ್ರಪಿಂಡ ಉಳಿಯುವುದಿಲ್ಲ ಎಂದು ಡಾಕ್ಟರ್ ಖಡಾಖಂಡಿತವಾಗಿ ಹೇಳಿದ್ದಾರೆ. ಕುಡಿಯುತ್ತಾರೆ, ಆದ್ದರಿಂದ ಹೊರಗೆ ಹೋಗುವುದಿಲ್ಲ. ನೀರು ಕುಡಿದರೆ ಊರಿಲ್ಲ, ಊರು ಬೇಕೆಂದರೆ ನೀರಿಲ್ಲ. ಶನಿವಾರದ ತರಗತಿ ನಿಂತಿದೆ. ಬೇರೆಯವರು ಕಲಿಸಲಿ ಎಂದು ವೈನಿಯೇ ಹೇಳಿದರು, ಹೇಳಿ ಗೋಡೆ ಕಡೆ ತಿರುಗಿದರು. ಇಡೀ ಬದುಕನ್ನು ಈ ಊರಿನಲ್ಲಿ ಕಳೆದ ಹೆಂಗಸು, ಗಂಡನನ್ನು ಇಲ್ಲೇ ಕಳೆದುಕೊಂಡ ಹೆಂಗಸು, ಅದೇ ಊರಿನ ಚೌಕಕ್ಕೆ ಕಾಲಿಡಲು ಹೆದರುತ್ತಿದ್ದಾರೆ. ಇದು ನನಗೆ ಸಹಿಸಲಾಗುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಚೌಕದಲ್ಲಿ ಮೊದಲ ಬಸ್ಸಿನಿಂದ ಕೊನೆಯ ಬಸ್ಸಿನವರೆಗೆ ತೆರೆದಿರುವ, ಮೆಟ್ಟಿಲಿಲ್ಲದ, ಚಿಲಕ ಗಟ್ಟಿಯಿರುವ ಶೌಚಾಲಯ ಬೇಕು. ಅದಾಗುವವರೆಗೆ ಗ್ರಂಥಾಲಯದ ಹಳದಿ ಪಟ್ಟಿಯನ್ನಾದರೂ ಬಿಚ್ಚಿಸಿ. ಎಲ್ಲಿ ಕಟ್ಟಬೇಕು, ಜಾಗ ಎಲ್ಲಿದೆ ಎಂದು ಸಮಿತಿ ಮಾಡಬೇಡಿ. ಅದಕ್ಕೆ ನನ್ನಲ್ಲೊಂದು ಸುಲಭ ಉಪಾಯವಿದೆ. ಒಂದು ಶನಿವಾರ ನಮ್ಮ ಮನೆಗೆ ಬನ್ನಿ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ಪದ್ಧತಿ. ವೈನಿಯೇ ತಮ್ಮ ಕೈಯಾರೆ ಕೊಡುತ್ತಾರೆ, ತಂಬಿಗೆ ತುಂಬ. ಉಳಿಸಬಾರದು, ಉಳಿಸಿದರೆ ಮನೆಯವರಿಗೆ ಅವಮಾನ. ನೀರಿನ ಮೇಲೆ ರಾಮಪ್ರಸಾದರ ಚಹಾ, ಅದೂ ಎರಡು ಸಲ. ಆಮೇಲೆ ನೀವು, ವೈನಿ, ನಾನು ಮೂವರೂ ಬಸ್ಸು ಹತ್ತಿ ಹೋಗಿ, ಪ್ರವಾಸಿಗರಿಗೆಂದು ನೀವು ಹಾಕಿಸಿದ ಪಾರಂಪರಿಕ ನಡಿಗೆಯ ಬಾಣದ ಗುರುತುಗಳನ್ನೇ ಹಿಡಿದು ನಡೆಯೋಣ. ಇಗರ್ಜಿ, ಗೋಪುರ, ಛತ್ರ, ನದಿಯ ಮೆಟ್ಟಿಲು. ವೈನಿಯೂ ನೀರು ಕುಡಿದೇ ಬರುತ್ತಾರೆ, ನೀವು ಜೊತೆಗಿದ್ದರೆ ಬರುತ್ತೇನೆ ಎಂದು ಒಪ್ಪಿದ್ದಾರೆ. ದಾರಿಯಲ್ಲಿ ನಿಮ್ಮ ಮಾತು ಎಲ್ಲಿ ನಿಲ್ಲುತ್ತದೋ, ನಿಮ್ಮ ಕಣ್ಣು ಎಲ್ಲಿ ಅತ್ತಿತ್ತ ಬಾಗಿಲು ಹುಡುಕುತ್ತದೋ, ಅಲ್ಲಿ ನಾವೂ ನಿಲ್ಲುತ್ತೇವೆ. ಆ ಜಾಗದಲ್ಲಿ ಕಟ್ಟಿಸಿ.

ಇಂತಿ,
ಒಣಗಿದ ಗಂಟಲಲ್ಲಿ ನಿಮ್ಮ ಇತಿಹಾಸ ಸುತ್ತಿ ಸಾಕಾದ,
ಡಾ. ವೇದವತಿ,
ನಿವೃತ್ತ ವೈದ್ಯೆ, ಕೃಷ್ಣವೇಣಿಯವರ ನಾದಿನಿ