ಕೊಬ್ಬು ಕಟ್ಟುವ ಕೆಸರು

ಸೋಮವಾರ, ಮಾರ್ಚ್ 3. ಬೆಳಿಗ್ಗೆ

ತೊಟ್ಟಿಯ ಮುಚ್ಚಳ ತೆಗೆದೆ. ಥೂ! ಇಡೀ ಊರಿನ ಚರಂಡಿ ನೀರು ತಿಳಿಯಾದ ಮೇಲೆ ತಳದಲ್ಲಿ ಕೂತ ಕೆಸರು. ಒಡೆದ ಹಾಲು, ಕೊಳೆತ ಮೊಟ್ಟೆ, ಒದ್ದೆ ನಾಯಿ — ಮೂರೂ ಒಂದೇ ಹಾಸಿಗೆಯಲ್ಲಿ ಮಲಗಿ ಎದ್ದ ಹಾಗೆ. ಇದರೊಳಗಿನ ಬ್ಯಾಕ್ಟೀರಿಯಾಗಳಿಗೆ ಕಸ ಕೊಳೆಸಿ ತೆಗೆದ ಹುಳಿನೀರು ಉಣಿಸಬೇಕು. ಹೊಟ್ಟೆಬಾಕಗಳು! ಗಬಗಬ ತಿಂದು ಮೈಯಲ್ಲಿ ಕೊಬ್ಬು ಕಟ್ಟುತ್ತವೆ. ಆ ಕೊಬ್ಬೇ ಪ್ಲಾಸ್ಟಿಕ್. ಮಣ್ಣಿಗೆ ಹಾಕಿದರೆ ಮಣ್ಣಾಗುವ ಪ್ಲಾಸ್ಟಿಕ್.

ಶುಕ್ರವಾರ ಸಸಿ ಕುಂಡ ಮಾಡುವ ಕಂಪನಿಯವರು ಬರುತ್ತಾರೆ. ಒಪ್ಪಿದರೆ ನಮ್ಮ ಘಟಕ ಉಳಿಯುತ್ತದೆ. ಇಲ್ಲದಿದ್ದರೆ ನಾನು ಮತ್ತೆ ಚರಂಡಿ ನೀರು ಸೋಸುವ ಜಾಲರಿ ಕೆಲಸಕ್ಕೆ. ಸಿಕ್ಕಿಕೊಂಡ ಕೂದಲು, ಚಿಂದಿ, ಹೇಳಬಾರದ್ದು — ಎಲ್ಲ ಕೈಯಲ್ಲಿ ಎಳೆದು… ಬೇಡಪ್ಪಾ.

ಅದೇ ದಿನ, ಸಂಜೆ

ಎರಡು ಸಲ ಮಿಂದು ಊಟಕ್ಕೆ ಕೂತೆ. ಅತ್ತೆ ತಟ್ಟೆ ಎತ್ತಿಕೊಂಡು ಕಿಟಕಿ ಪಕ್ಕಕ್ಕೆ ಹೋದರು.

"ಅಷ್ಟೊಂದು ನಾತಾನಾ ಅತ್ತೆ?"

"ನಾತ ಅಂತ ಯಾರಂದ್ರು? ಗಾಳಿ ಬೇಕನ್ನಿಸ್ತು, ಅಷ್ಟೇ."

ಒಂದು ಕೈಯಲ್ಲಿ ತುತ್ತು. ಇನ್ನೊಂದು ಕೈ ಮೂಗಿನ ಮೇಲೆ.

ಮಂಗಳವಾರ, ಮಾರ್ಚ್ 4

ಕೆಟ್ಟೆ. ಕೆಮಿಸ್ಟ್ ಮೇಡಂ ಸಾರಿ ಸಾರಿ ಹೇಳಿದ್ದರು: "ಅವುಗಳ ಹೊಟ್ಟೆ ತುಂಬಿದ ತಕ್ಷಣ ವಾಲ್ವ್ ತಿರುಗಿಸಿ ಆಸಿಡ್ ಬಿಟ್ಟು ಸಾಯಿಸಿಬಿಡಿ. ತಡ ಆದ್ರೆ ಹಸಿವಾಗಿ ತಮ್ಮ ಕೊಬ್ಬನ್ನ ತಾವೇ ತಿಂದ್ಕೊಂಡುಬಿಡ್ತಾವೆ."

ಹೊಟ್ಟೆ ತುಂಬಿತು ಅಂತ ಮೀಟರಿನ ಮುಳ್ಳು ಏರಿತು. ವಾಲ್ವಿಗೆ ಕೈ ಹಾಕಿದೆ — ಅಷ್ಟರಲ್ಲಿ ನೊರೆ ಉಕ್ಕಿ ಮುಖಕ್ಕೇ ಬಂತು. ಬಾಯೊಳಗೂ! ವಾಲ್ವ್ ತಿರುಗಿಸದೆಯೇ ಬಚ್ಚಲಿಗೆ ಓಡಿದೆ. ಕರುಳು ಕಿತ್ತು ಬರುವ ಹಾಗೆ ವಾಂತಿ. ಉಜ್ಜಿದೆ, ಮುಕ್ಕಳಿಸಿದೆ, ಮತ್ತೆ ಉಜ್ಜಿದೆ. ತಲೆ ತಿರುಗಿ ಬೆಂಚಿನ ಮೇಲೆ ಒರಗಿದೆ. ಎದ್ದಾಗ ಬಿಸಿಲು ಇಳಿದಿತ್ತು.

ಪಂಪ್‌ಮನೆಯಿಂದ ಬಂದ ಫಿಟ್ಟರ್ ತೊಟ್ಟಿ ಇಣುಕಿದ. "ಅಕ್ಕಾ, ನೀನಿಲ್ಲಿ ನಿದ್ದೆ, ಅವಲ್ಲಿ ಉಪವಾಸ. ಕೊಬ್ಬೆಲ್ಲ ಕರಗಿ ಸಣ್ಣಗಾಗಿದಾವೆ ನೋಡು!"

ಮೇಡಂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಗುರುವಾರ ಇನ್ನೊಂದ್ಸಲ ಉಣಿಸೋಣ. ಅದೇ ಕೊನೇದು."

ಗುರುವಾರ, ಮಾರ್ಚ್ 6

ಮುಳ್ಳು ಏರಿತು. ನೊರೆಯೂ. ಬಾಯಿ ಬಿಗಿ ಹಿಡಿದೆ, ಕಣ್ಣು ಮುಚ್ಚಿದೆ. ಕಿವಿಯೊಳಕ್ಕೆ ಬೆಚ್ಚಗೆ ಇಳಿಯಿತು — ಹಾಳಾಗಿ ಹೋಗಲಿ! ವಾಲ್ವ್ ಪೂರ್ತಿ ತಿರುಗುವ ತನಕ ಕೈ ಬಿಡಲಿಲ್ಲ.

ಸಂಜೆಗೆ ಕೊಬ್ಬು ಬೇರ್ಪಡಿಸಿ, ತೊಳೆದು, ಒಣಗಿಸಿ ಆಯಿತು. ಸುಣ್ಣದ ಹಾಗೆ ಬೆಳ್ಳಗಿನ ಪುಡಿ, ಬೋಗುಣಿ ತುಂಬ. ಮೇಡಂ ಅಪ್ಪಿಕೊಳ್ಳಲು ಓಡಿ ಬಂದರು. ಹತ್ತಿರ ಬಂದು ನಿಂತರು. ಬೆರಳ ತುದಿಯಿಂದ ಭುಜ ಮುಟ್ಟಿದರು.

ಶುಕ್ರವಾರ, ಮಾರ್ಚ್ 7

ಕಂಪನಿಯ ದೊಡ್ಡವರು ಪುಡಿಯನ್ನು ಬೆರಳಲ್ಲಿ ಉಜ್ಜಿ ಮೂಸಿದರು. "ವಾಸನೇನೇ ಇಲ್ವಲ್ರೀ!" ಫಿಟ್ಟರ್ ಸುಮ್ಮನಿರಬಾರದೇ? ಕರೆದೊಯ್ದು ತೊಟ್ಟಿ ತೋರಿಸಿದ. ಆಮೇಲೆ ಪುಣ್ಯಾತ್ಮರು ಆ ಬೆರಳನ್ನು ಮೈಯಿಂದ ದೂರ ಹಿಡಿದುಕೊಂಡೇ ಮಿಕ್ಕ ಮಾತು ಮುಗಿಸಿದರು.

ಆದರೂ ಒಪ್ಪಿದರು. ಘಟಕ ಉಳಿಯಿತು, ಜಾಲರಿ ತಪ್ಪಿತು. ಹತ್ತರಷ್ಟು ಮಾಲು ಬೇಕಂತೆ. ಹತ್ತರಷ್ಟು ದೊಡ್ಡ ತೊಟ್ಟಿ ಕಟ್ಟುತ್ತಾರಂತೆ. ವಾಲ್ವ್ ನನಗೇ ಅಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟುತ್ತಲೇ ತಲೆಯೊಳಗೆ ಲೆಕ್ಕ — ಅಷ್ಟು ದೊಡ್ಡ ತೊಟ್ಟಿಯ ನೊರೆ ಉಕ್ಕಿದರೆ, ನಾನು ನಿಲ್ಲುವ ಜಾಗದಲ್ಲಿ ನನ್ನ ಕತ್ತಿನ ತನಕ ಬಂದೀತೋ, ತಲೆಯೇ ಮುಳುಗೀತೋ?