ಬಂಗಾರದ ಪುಟಕ್ಕೆ ಹಚ್ಚಿದ ಅರಿಶಿನ

ದಾರುಲ್‌ಶಿಫಾ, ಹೈದರಾಬಾದ್
14-11-2024, ಗುರುವಾರ

ಪ್ರೀತಿಯ ತಂಗಿ ಗಿರಿಜಾ,

ನಿನ್ನ ಮೊಣಕಾಲು ನೋವು ಹೇಗಿದೆ? ನಿನ್ನ ಯಜಮಾನರು ಮಲ್ಲಪ್ಪನವರ ಕೆಮ್ಮು ಕಡಿಮೆಯಾಯಿತೇ? ಸುರಪುರದಲ್ಲಿ ಈಗ ಚಳಿ ಬಿದ್ದಿರಬೇಕು, ಟ್ರಂಕಿನಲ್ಲಿರುವ ನನ್ನ ಕೌದಿ ತೆಗೆದು ಹೊದ್ದುಕೋ. ನಾನು ಮೈಯಿಂದ ಸುಖವಾಗಿದ್ದೇನೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಎತ್ತದಿರುವುದೇ ಸರಿ. ಬೇಗಂ ಸಾಹೇಬರ ಅಡುಗೆಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಏಳನೇ ಇಯತ್ತೆಯವರೆಗೆ ಕಲಿತವಳು, ತಪ್ಪಿದ್ದರೆ ಹೊಂದಿಸಿಕೊಂಡು ಓದು.

ಹತ್ತು ವರ್ಷ ಈ ಮನೆಯಲ್ಲಿ ಒಲೆಯ ಕೆಲಸ ನನ್ನದು, ಪುಸ್ತಕದ ಅಲಮಾರಿಯ ಕೆಲಸ ನಿನ್ನದು. ಬೇಗಂ ಅವರ ಅಜ್ಜನ ಕಾಲದ ಆ ಕೈಬರಹದ ಪ್ರಾರ್ಥನೆಯ ಪುಸ್ತಕವನ್ನು ಅವರು ಕೈಕಾಲು ಮುಖ ತೊಳೆದು, ಚೆನ್ನಾಗಿ ಒರೆಸಿಕೊಂಡೇ ಮುಟ್ಟುತ್ತಿದ್ದರು. ಪ್ರತಿ ಗುರುವಾರ ಸಂಜೆ ಓದುತ್ತಿದ್ದರು. ನಿನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು ತೋರಿಸುತ್ತಿದ್ದರು: ದಪ್ಪ ಕಪ್ಪಕ್ಷರ ಅರಬ್ಬೀ, ದೇವರನ್ನು ಬೇಡುವ ಮಾತು, ಅದರ ಕೆಳಗೆ ಓರೆಯಾಗಿ ಕೆಂಪಿನಲ್ಲಿ ಫಾರಸಿ, ಅದರ ಅರ್ಥ, ಸುತ್ತ ಬಂಗಾರ ಅರೆದು ಬರೆದ ಬಳ್ಳಿ, ನೀಲಿ ಹೂ. ಮೊಹರಮ್ಮಿನಲ್ಲಿ ಹೆಂಗಸರು ಹುಸೇನರನ್ನು ನೆನೆದು ಅಳುವಾಗ ನಾನು ಬಾಗಿಲಲ್ಲಿ ನಿಂತು, ಒಂದಕ್ಷರ ತಿಳಿಯದಿದ್ದರೂ ಕಣ್ಣೊರೆಸಿಕೊಳ್ಳುತ್ತಿದ್ದೆ. "ಅಕ್ಕಾ, ನೀ ಯಾವ ದೇವ್ರನ್ನೂ ಬಿಡಂಗಿಲ್ಲ ನೋಡು" ಅಂತ ನೀನು ನಗುತ್ತಿದ್ದೆ.

ಬಿಡಲಿಲ್ಲ, ಗಿರಿಜಾ. ಮಹಾನವಮಿಯ ದಿನ ನೀನು ಜ್ವರ ಬಂದು ಮಲಗಿದ್ದೆ. ನಿನ್ನ ಬೀಗದ ಕೈ ತಂದು ಅಲಮಾರಿ ಒರೆಸಲು ಹೋದೆ. ಬೆಳಿಗ್ಗೆ ನಮ್ಮ ಖೋಲಿಯಲ್ಲಿ ಪುರಾಣದ ಪುಸ್ತಕಕ್ಕೆ ಪೂಜೆ ಮಾಡಿದ್ದೆನಲ್ಲ, ಇದೂ ದೇವರ ಪುಸ್ತಕವೇ, ಇವತ್ತು ಬರಿದೇ ಇರಬಾರದು ಅನ್ನಿಸಿತು. ಅರಿಶಿನ ಕುಂಕುಮ ನೀರಲ್ಲಿ ಕಲಸಿ ಮೊದಲ ಪುಟಕ್ಕೆ ಹಚ್ಚಿ, ಒಂದು ಚೆಂಡುಹೂ ಇಟ್ಟು, ಮುಚ್ಚಿ ಕೈಮುಗಿದೆ.

ಗುರುವಾರ ಬೇಗಂ ತೆರೆದಾಗ ಪುಟಗಳು ಅಂಟಿಕೊಂಡಿದ್ದವು. ಬಿಡಿಸಿದರೆ ಬಂಗಾರದ ಬಳ್ಳಿ ಹೂವಿನ ಜೊತೆ ಎದ್ದು ಬಂತು. ಹಳೇ ಕಾಗದ ರಿಪೇರಿ ಮಾಡುವವರು ನೋಡಿ, ಕುಂಕುಮ ಉದುರೀತು, ಅರಿಶಿನ ಒಳಗಿಳಿದಿದೆ ಅಂದರು. ಬೇಗಂ ಬೈಯಲಿಲ್ಲ. "ಪಾರ್ವತೀ, ಯೇ ಕೋನ್ ಕರೇ?" ಇದು ಯಾರು ಮಾಡಿದ್ದು ಅಂತ ಕೇಳಿದರು ಅಷ್ಟೇ. "ಅಲಮಾರಿ ಕಾ ಕಾಮ್ ಗಿರಿಜಾ ಕಾ ಹೈ, ಅಮ್ಮಾ" ಅಂದೆ, ಅಲಮಾರಿಯ ಕೆಲಸ ಗಿರಿಜಾಳದು ಅಂತ. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಅಷ್ಟು ದೊಡ್ಡ ಸುಳ್ಳನ್ನು ನಾನು ಹುಟ್ಟಿದಂದಿನಿಂದ ಹೇಳಿರಲಿಲ್ಲ.

ನೀನು, ನಾನಲ್ಲ ಅಂತ ಬೇಗಂ ಅವರಿಗೆ ಹೇಳುವಾಗ ನನ್ನ ಮುಖ ನೋಡಿದೆ. ನಾನು ಅಕ್ಕಿ ಆರಿಸುತ್ತಿದ್ದೆ, ತಲೆ ಎತ್ತಲಿಲ್ಲ. ಮಹಾನವಮಿಯ ದಿನ ಬೀಗದ ಕೈ ಯಾರ ಹತ್ತಿರ ಇತ್ತೆಂದು ನಿನಗೆ ಗೊತ್ತಿತ್ತು. ಆದರೂ ನೀನು ಅಕ್ಕನ ಹೆಸರು ಎತ್ತಲಿಲ್ಲ, ಕೆಲಸ ಬಿಟ್ಟು ಊರಿಗೆ ನಡೆದೆ. ಬಸ್ಸು ಹತ್ತುವಾಗ ಒಂದೇ ಮಾತು ಕೇಳಿದೆ: "ದಿನಾ ದೇವ್ರ ಮುಂದ ಕುಂತು ಏನ್ ಮಾತಾಡ್ತಿ ಅಕ್ಕಾ?" ಅಂದಿನಿಂದ ದೀಪ ಹಚ್ಚುತ್ತೇನೆ, ಬಾಯಿ ಏಳುವುದಿಲ್ಲ.

ಮಲ್ಲಪ್ಪನವರಿಗೆ ಶರಣು ಹೇಳು. ನಿನಗೆ ಆಶೀರ್ವಾದ ಬರೆಯುವ ಯೋಗ್ಯತೆ ಈ ಕೈಗಿಲ್ಲ. ತಿಂಥಣಿ ಮೌನೇಶ್ವರನೇ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಪಾರ್ವತೆಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಬೇಗಂ ಅವರಿಗೆ ಎಲ್ಲ ಹೇಳಿಬಿಟ್ಟೆ. "ನನಗೆ ಹೇಳಿಯಾಯಿತು, ಗಿರಿಜಾಗೆ ಹೇಳಿದೆಯಾ?" ಎಂದರು. ಈ ಕಾಗದ ತೋರಿಸಿದೆ. ಅಲಮಾರಿಯ ಬೀಗದ ಕೈ ನನ್ನಿಂದ ಇಸಿದುಕೊಂಡು ತಮ್ಮ ಕೈಯಾರೆ ಈ ಲಕೋಟೆಯೊಳಗೆ ಹಾಕಿದರು. ಲಕೋಟೆ ಒಡೆಯುವಾಗ ಬೀಳಿಸೀಯೆ, ಇರುವುದು ಅದೊಂದೇ. ಇವತ್ತು ಗುರುವಾರ. ಸಂಜೆ ಓದಬೇಕಾದ ಪುಸ್ತಕ ಬೀಗ ಹಾಕಿದ ಅಲಮಾರಿಯ ಒಳಗೇ ಇದೆ.